ಒಂಬತ್ತು ಅಡುಗೆಮನೆ, ಒಂದು ಕಡಲತೀರ

“ಶನಿವಾರ ಬ್ರೈಟನ್‌ಗೆ ಬರ್ತಿದೀವಿ. ಊಟಕ್ಕೆ ಎಲ್ಲಿ ಚೆನ್ನಾಗಿರತ್ತೆ? ಪ್ಯೂರ್ ವೆಜ್ ಇದ್ರೆ ಇನ್ನೂ ಒಳ್ಳೇದು.”

ಬೇಸಿಗೆ ಬಂತೆಂದರೆ ಇಂಗ್ಲೆಂಡಿನಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಇಂಥದೊಂದು ಸಂದೇಶ ಬಂದೇ ಬರುತ್ತದೆ. ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬೆಳಿಗ್ಗೆ ಬಂದು, ಕಡಲು ನೋಡಿ, ಸಂಜೆ ವಾಪಸಾಗಬಹುದು. ಸಂದೇಶ ಬಿದ್ದ ಹತ್ತು ನಿಮಿಷಕ್ಕೆ ಮೂರು ಉತ್ತರ ಬರುತ್ತವೆ. ಒಬ್ಬರು ಯಾವುದೋ ಪತ್ರಿಕೆಯ ‘ಹತ್ತು ಅತ್ಯುತ್ತಮ ರೆಸ್ಟೋರೆಂಟ್’ ಪಟ್ಟಿ ಹಾಕುತ್ತಾರೆ. ಇನ್ನೊಬ್ಬರು ಇಂಡಿಯನ್ ಹೋಟೆಲೊಂದರ ಹೆಸರು ಕೊಟ್ಟು, “ಅಡುಗೆಯವರು ನಮ್ಮವರೇ” ಎಂದು ಭರವಸೆ ನೀಡುತ್ತಾರೆ. ಮೂರನೆಯವರು, “ಯಾಕೆ ತಲೆನೋವು, ಚಿತ್ರಾನ್ನ ಕಟ್ಕೊಂಡು ಬನ್ನಿ” ಎನ್ನುತ್ತಾರೆ.

ಈ ಊರಿನಲ್ಲಿ ನಾಲ್ಕು ವರ್ಷದಿಂದ ಸಂಶೋಧನೆ ಮಾಡಿಕೊಂಡಿರುವುದರಿಂದ ನನ್ನನ್ನೂ ಕೇಳುತ್ತಾರೆ. ಇಷ್ಟು ದಿನ ನಾನೂ ಯಾವುದಾದರೊಂದು ಹೆಸರು ಕಳಿಸಿ ಸುಮ್ಮನಾಗುತ್ತಿದ್ದೆ. ಈಗ ಉತ್ತರ ಕೊಡುವ ಬದಲು ಪ್ರಶ್ನೆಯ ಜೊತೆಗೇ ಜಗಳ ಆಡಬೇಕೆನಿಸಿದೆ. ‘ಎಲ್ಲಿ ಉಣ್ಣಬೇಕು’ ಎಂಬುದು ರುಚಿಯ ಪ್ರಶ್ನೆಯೆಂದು ನಾವು ತಿಳಿದಿದ್ದೇವೆ. ಅದು ನಿಜವಾಗಿ ಯಾರ ಪಕ್ಕ ಕೂರಬೇಕು, ಯಾರ ಪಕ್ಕ ಕೂರಬಾರದು ಎಂಬ ಪ್ರಶ್ನೆ. ಪಟ್ಟಿ ಅದನ್ನು ಬೆಲೆಯಿಂದ ತೀರ್ಮಾನಿಸುತ್ತದೆ, ನಮ್ಮವರು ಮಡಿಯಿಂದ ತೀರ್ಮಾನಿಸುತ್ತಾರೆ. ಎರಡೂ ಬೇಲಿಗಳೇ.

ಮೊದಲು ಪಟ್ಟಿಯ ಬೇಲಿ. ಇಂಥ ಪಟ್ಟಿಗಳನ್ನು ಎಲ್ಲಿ ಓದಿದರೂ ಒಂದೇ ದನಿ. ಸಣ್ಣ ಸಣ್ಣ ತಟ್ಟೆಗಳಲ್ಲಿ ಹಂಚಿಕೊಂಡು ತಿನ್ನುವ ತಿನಿಸು, ಸ್ಥಳೀಯ ಮೀನು, ಕಿಟಕಿಯಾಚೆ ಸಮುದ್ರ, ಎರಡು ವಾರ ಮೊದಲೇ ಟೇಬಲ್ ಬುಕ್ ಮಾಡಿ ಎಂಬ ಬುದ್ಧಿಮಾತು. ಓದಿದರೆ ಈ ಊರು ಹುಟ್ಟಿದ್ದೇ ಲಂಡನ್ನಿನವರ ವಾರಾಂತ್ಯದ ಬಾಯಿಚಪಲಕ್ಕೆ ಎನಿಸುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಬ್ರೈಟನ್ ಮೂಲತಃ ಮೀನುಗಾರರ ಊರು, ಹಳೆಯ ಹೆಸರು ಬ್ರೈಟ್‌ಹೆಲ್ಮ್‌ಸ್ಟನ್. 18ನೇ ಶತಮಾನದ ನಡುವೆ ಹತ್ತಿರದ ಲೂಯಿಸ್‌ನ ವೈದ್ಯ ರಿಚರ್ಡ್ ರಸೆಲ್ ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು ಎಂದು ಪುಸ್ತಕ ಬರೆದ. ಮೀಯಲಿಕ್ಕಷ್ಟೇ ಅಲ್ಲ, ಕುಡಿಯಲಿಕ್ಕೂ. ಹಾಗೆ ನೋಡಿದರೆ ಹಣವಂತರು ಈ ಊರನ್ನು ಹುಡುಕಿಕೊಂಡು ಬಂದು ಸೇವಿಸಿದ ಮೊದಲ ಪದಾರ್ಥ ಉಪ್ಪುನೀರು! ಅವರ ಹಿಂದೆಯೇ 1783ರಲ್ಲಿ ಯುವರಾಜ ಬಂದ. ಮುಂದೆ ನಾಲ್ಕನೇ ಜಾರ್ಜ್ ಆದವನು ಇವನೇ. ಇಲ್ಲಿ ಅವನು ಕಟ್ಟಿಸಿಕೊಂಡ ರಾಯಲ್ ಪೆವಿಲಿಯನ್ ಹೊರಗಿನಿಂದ ನೋಡಿದರೆ ಹಿಂದೂಸ್ತಾನದ ಗುಮ್ಮಟ ಮಿನಾರುಗಳ ಕನಸು, ಒಳಗೆ ಹೋದರೆ ಚೀನಾದ ಕನಸು. ಅದರ ಅಡುಗೆಮನೆಯನ್ನು ಇವತ್ತಿಗೂ ಟಿಕೆಟ್ ಕೊಂಡು ನೋಡಬಹುದು. ಎತ್ತರದ ಚಾವಣಿಯನ್ನು ಹೊತ್ತ ಕಬ್ಬಿಣದ ಕಂಬಗಳ ತುದಿಗೆ ತಾಮ್ರದ ತಾಳೆಗರಿಗಳಿವೆ. ಫ್ರಾನ್ಸಿನ ಹೆಸರಾಂತ ಬಾಣಸಿಗ ಕರೇಮ್ 1817ರ ಜನವರಿ 18ರಂದು ರಷ್ಯಾದ ರಾಜಕುಮಾರ ನಿಕೊಲಸ್‌ನಿಗಾಗಿ ನೂರಕ್ಕೂ ಹೆಚ್ಚು ಬಗೆಯ ಭಕ್ಷ್ಯಗಳನ್ನು ಬಡಿಸಿದ್ದು ಈ ಅರಮನೆಯಲ್ಲೇ.

ಅರಮನೆಯ ಎದುರಿಗೆ ಸ್ಟೀನ್ ಎಂಬ ಬಯಲಿದೆ. ತಲೆತಲಾಂತರದಿಂದ ಮೀನುಗಾರರು ಬಲೆ ಹರಡಿ ಒಣಗಿಸುತ್ತಿದ್ದ ಜಾಗ ಅದು. ಸಿರಿವಂತರ ಸಂಜೆಯ ತಿರುಗಾಟಕ್ಕೆ ಬಲೆಗಳು ಅಡ್ಡಿಯೆನಿಸಿದವು. ಹಂತಹಂತವಾಗಿ ಬಯಲಿಗೆ ಬೇಲಿ ಬಿತ್ತು. ಮೀನು ಊಟದ ಮೇಜಿಗೆ ಬರಬೇಕು, ಮೀನು ಹಿಡಿಯುವವರು ಕಣ್ಣೆದುರು ಇರಬಾರದು. ಇವತ್ತಿನ ಪಟ್ಟಿಗಳ ‘ಸ್ಥಳೀಯ ಮೀನು’ ಎಂಬ ಮಾತು ಓದಿದಾಗೆಲ್ಲ ನನಗೆ ಆ ಬೇಲಿ ನೆನಪಾಗುತ್ತದೆ.

1841ರಲ್ಲಿ ಲಂಡನ್ನಿನಿಂದ ರೈಲು ಬಂತು. ಅದರೊಂದಿಗೆ ಬಂದವರು ಬೇರೆ ಜನ. ಗುಮಾಸ್ತರು, ದರ್ಜಿಗಳು, ಮನೆಗೆಲಸದ ಹೆಂಗಸರು, ಕಾರ್ಖಾನೆಯ ಕೂಲಿಗಳು. ಅವರಿಗೆ ನೂರು ಭಕ್ಷ್ಯ ಬೇಕಿರಲಿಲ್ಲ. ಕೈಯಲ್ಲಿ ಹಿಡಿದು, ನಿಂತೇ ತಿಂದು, ಕಡಲನ್ನು ನೋಡುವಂತಿದ್ದರೆ ಸಾಕಿತ್ತು. ಹೀಗೆ ಈ ಊರಿಗೆ ಊಟದ ಚರಿತ್ರೆ ಎರಡು: ಒಂದು ಅರಮನೆಯದು, ಒಂದು ರೈಲಿನದು. ಪಟ್ಟಿ ಬರೆಯುವವರು ರೈಲಿನಲ್ಲೇ ಬರುತ್ತಾರೆ, ಆದರೆ ಬರೆಯುವುದು ಅರಮನೆಯ ಚರಿತ್ರೆ.

ಇದನ್ನು ಹೊಟ್ಟೆಕಿಚ್ಚಿನ ಮಾತು ಎಂದುಕೊಳ್ಳಬೇಡಿ. ಅಂಥ ಒಂದು ರೆಸ್ಟೋರೆಂಟಿನ ಹಿಂಬಾಗಿಲನ್ನು ನಾನು ಚೆನ್ನಾಗಿ ಬಲ್ಲೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ವಾರಕ್ಕೆ 20 ಗಂಟೆ ದುಡಿಯಬಹುದು. ಎರಡನೇ ವರ್ಷದ ಚಳಿಗಾಲವಿಡೀ ನಾನು ಪಟ್ಟಿಯಲ್ಲಿದ್ದ ಒಂದು ಕಡೆ ಪಾತ್ರೆ ತೊಳೆದೆ. ಹೆಸರು ಬೇಡ, ಅದೊಂದೇ ಹಾಗಿತ್ತು ಎಂದೂ ನಾನು ಭಾವಿಸಿಲ್ಲ. ಬಿಲ್ಲಿನ ಕೆಳಗೆ ಶೇ. 12.5 ಸರ್ವಿಸ್ ಚಾರ್ಜ್ ಎಂದು ಅಚ್ಚಾಗಿರುತ್ತಿತ್ತು. ಅದರಲ್ಲಿ ಒಂದು ಪೆನ್ನಿಯೂ ಸಿಂಕಿನವರೆಗೆ ಹರಿದು ಬರಲಿಲ್ಲ. ಇಂಥ ಹಣ ಪೂರ್ತಿಯಾಗಿ ಕೆಲಸಗಾರರಿಗೇ ಸೇರಬೇಕು, ನ್ಯಾಯವಾಗಿ ಹಂಚಿಕೆಯಾಗಬೇಕು ಎಂದು ಇಲ್ಲಿನ ಸಂಸತ್ತು 2023ರಲ್ಲಿ ಕಾನೂನು ಮಾಡಿತು. ಅದು ಜಾರಿಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ನನ್ನ ಚಳಿಗಾಲ ಅದಕ್ಕಿಂತ ಹಿಂದಿನದು. ಆ ಅಡುಗೆಮನೆಯಲ್ಲಿ ಬೆಂದ ಯಾರೂ ಮುಂದಿನ ಕೋಣೆಯಲ್ಲಿ ಕೂತು ಉಂಡವರಲ್ಲ. ಪಾಳಿ ಮುಗಿದ ಮೇಲೆ ನಾವು ನಾಲ್ಕೈದು ಜನ ಒಂದು ದೊಡ್ಡ ಪೊಟ್ಟಣ ಚಿಪ್ಸ್ ಕೊಂಡು ಕತ್ತಲಲ್ಲಿ ಕಡಲ ದಂಡೆಗೆ ಹೋಗಿ ಕೂರುತ್ತಿದ್ದೆವು. ಈ ಊರಿನಲ್ಲಿ ನಾನು ಉಂಡ ಒಳ್ಳೆಯ ಊಟ ಯಾವುದು ಎಂದರೆ ಅದೇ.

ಗ್ರಹಾಂ ಗ್ರೀನ್‌ನ ‘ಬ್ರೈಟನ್ ರಾಕ್’ (1938) ಕಾದಂಬರಿಯನ್ನು ನಿಮ್ಮಲ್ಲಿ ಕೆಲವರು ತರಗತಿಯಲ್ಲಿ ಓದಿರಬಹುದು. ಪಾಪ, ಪುಣ್ಯ, ಕ್ಯಾಥೊಲಿಕ್ ನಂಬಿಕೆ ಎಂದೆಲ್ಲ ನಾವು ಅದರ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಆದರೆ ಅದರ ಕತೆ ನಿಂತಿರುವುದು ಒಬ್ಬ ಸಪ್ಲೈಯರ್ ಹುಡುಗಿಯ ಕಣ್ಣಿನ ಮೇಲೆ. ಹೋಟೆಲಿನ ಮೇಜಿಗೆ ಬಂದು ಹೋದವನ ಮುಖ ರೋಸ್‌ಗೆ ನೆನಪಿದೆ, ಆ ನೆನಪೇ ಕೊಲೆಗಡುಕ ಪಿಂಕಿಗೆ ಕುತ್ತು. ಅವಳ ಬಾಯಿ ಮುಚ್ಚಿಸಲೆಂದೇ ಅವನು ಅವಳನ್ನು ಮದುವೆಯಾಗುತ್ತಾನೆ. ಬಡಿಸುವವರಿಗೂ ಕಣ್ಣಿದೆ ಎಂಬುದು ಗ್ರೀನ್‌ಗೆ ಗೊತ್ತಿತ್ತು. ನಮ್ಮ ಪಟ್ಟಿಗಳಲ್ಲಿ ತಟ್ಟೆ ಇದೆ, ಬೆಳಕಿದೆ, ಕುರ್ಚಿಯ ವಿನ್ಯಾಸವೂ ಇದೆ. ತಟ್ಟೆ ತಂದಿಟ್ಟ ಕೈ ಮಾತ್ರ ಇಲ್ಲ.

ಇಲ್ಲಿಯವರೆಗೆ ನೀವು ನನ್ನ ಜೊತೆ ತಲೆದೂಗಿರಬಹುದು. ಬೆಲೆಯ ಬೇಲಿಯನ್ನು ಬೈಯುವುದು ನಮಗೆ ಸುಲಭ. ಇನ್ನೊಂದು ಬೇಲಿ ನಮ್ಮದೇ. ಅದರ ಚರಿತ್ರೆಯೂ ಬ್ರೈಟನ್ನಿನಲ್ಲಿದೆ, ಅದೇ ಅರಮನೆಯ ಅಂಗಳದಲ್ಲಿ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಹಡಗಿನಲ್ಲಿ ತಂದು ಈ ಊರಿನ ಆಸ್ಪತ್ರೆಗಳಲ್ಲಿ ಇರಿಸಿದರು. 1914ರ ಡಿಸೆಂಬರ್‌ನಿಂದ 1916ರ ಆರಂಭದವರೆಗೆ ಪೆವಿಲಿಯನ್ನೇ ಆಸ್ಪತ್ರೆ. ಎರಡು ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಅಲ್ಲಿ ಚಿಕಿತ್ಸೆಯಾಯಿತು. ಕರೇಮ್‌ನ ತಾಳೆಗರಿಯ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಅಡುಗೆಗೆಂದು ಹೊರಗಿನ ಅಂಗಳದಲ್ಲಿ ಹೊಸದಾಗಿ ಕಟ್ಟಿದರು. ಒಂದಲ್ಲ, ಎರಡಲ್ಲ, ಒಂಬತ್ತು ಅಡುಗೆಮನೆಗಳನ್ನು! ಧರ್ಮಕ್ಕೆ ತಕ್ಕಂತೆ, ಜಾತಿಗೆ ತಕ್ಕಂತೆ. ಮಾಂಸ ಕಡಿಯುವ ಜಾಗ ಬೇರೆ ಬೇರೆ. ವಾರ್ಡುಗಳಲ್ಲಿ ಹಿಂದೂಗಳಿಗೊಂದು ನೀರಿನ ನಲ್ಲಿ, ಮುಸ್ಲಿಮರಿಗೊಂದು. ಫಲಕಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ.

ಭಾರತೀಯರ ಭಾವನೆಗಳನ್ನು ಬ್ರಿಟಿಷರು ಎಷ್ಟು ಗೌರವಿಸಿದರು ನೋಡಿ ಎಂದು ಈ ಕತೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಆಗಿನ ಸರ್ಕಾರಕ್ಕೂ ಅದೇ ಬೇಕಿತ್ತು. ಪೆವಿಲಿಯನ್ನಿನ ಆಸ್ಪತ್ರೆಯ ಬಗ್ಗೆ ಇಂಗ್ಲಿಷ್, ಉರ್ದು, ಗುರುಮುಖಿಯಲ್ಲಿ ಪುಸ್ತಿಕೆ ಅಚ್ಚಾಯಿತು, ಫೋಟೋಗಳನ್ನು ಪೋಸ್ಟ್‌ಕಾರ್ಡ್ ಮಾಡಿ ಹಂಚಿದರು. ಇನ್ನಷ್ಟು ಸೈನಿಕರು ಬೇಕಿದ್ದ ಸಾಮ್ರಾಜ್ಯಕ್ಕೆ ಅದು ಒಳ್ಳೆಯ ಜಾಹೀರಾತು. ಆದರೆ ಅದೇ ಸೈನಿಕರು ಬರೆದ ಕಾಗದಗಳನ್ನು ಸೆನ್ಸಾರ್ ಓದುತ್ತಿದ್ದ. ಊರಿನೊಳಗೆ ಮನಸ್ಸು ಬಂದಂತೆ ತಿರುಗಾಡುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಒಳಗೆ ಒಂಬತ್ತು ಅಡುಗೆಮನೆ. ಹೊರಗಿನ ಊರಿನಲ್ಲಿ, ಆ ಕಡಲ ದಂಡೆಯಲ್ಲಿ, ತಮಗೆ ಬೇಕಾದವರ ಪಕ್ಕ ಕೂತು ಬೇಕಾದ್ದು ತಿನ್ನುವ ಅವಕಾಶ ಮಾತ್ರ ಇಲ್ಲ. ಒಡೆಯರಿಗೂ ಬೇಲಿ ಬೇಕಿತ್ತು, ನಮ್ಮ ಮೇಲುಜಾತಿಗೂ ಬೇಲಿ ಬೇಕಿತ್ತು. ಇಬ್ಬರ ಬೇಡಿಕೆಯೂ ಒಂದೇ ಆದದ್ದರಿಂದ ವ್ಯವಸ್ಥೆ ಬಹಳ ಅಚ್ಚುಕಟ್ಟಾಗಿ ನಡೆಯಿತು.

ಆ ಅಚ್ಚುಕಟ್ಟಿನ ಹೊರಗೆ ಬಿದ್ದವರೂ ಇದ್ದರು. ಬ್ರೈಟನ್ನಿನಿಂದ ಪಶ್ಚಿಮಕ್ಕೆ ಬ್ರಾಕನ್‌ಹರ್ಸ್ಟ್ ಎಂಬ ಹಳ್ಳಿಯಲ್ಲಿ ಇಂಥದೇ ಇನ್ನೊಂದು ಆಸ್ಪತ್ರೆಯಿತ್ತು. ಅಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ ಬರೇಲಿಯ ಸುಖಾ 1915ರ ಜನವರಿಯಲ್ಲಿ ತೀರಿಕೊಂಡ. ಹಿಂದೂಗಳು ತಮ್ಮ ಚಿತೆಗೆ ಸೇರಿಸಲಿಲ್ಲ, ಮುಸ್ಲಿಮರು ತಮ್ಮ ದಫನಭೂಮಿಗೆ ಸೇರಿಸಲಿಲ್ಲ, ಕೊನೆಗೆ ಊರಿನ ಚರ್ಚಿನವರು ತಮ್ಮ ಅಂಗಳದಲ್ಲಿ ಮಣ್ಣು ಮಾಡಿದರು ಎಂಬ ಕತೆ ಉಳಿದುಬಂದಿದೆ. ಅವನ ಹೆಸರಿನ ಕಲ್ಲು ಇಂದಿಗೂ ಅಲ್ಲಿದೆ. ಒಂಬತ್ತು ಅಡುಗೆಮನೆಗಳ ಲೆಕ್ಕ ಹಾಕುವಾಗ ನನಗೆ ಮೊದಲು ಏಳುವ ಪ್ರಶ್ನೆ ಇದು: ಸುಖಾನಂಥವರು ಯಾವ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು?

ಈಗ ವಾಟ್ಸಾಪ್ ಗುಂಪಿಗೆ ವಾಪಸು ಬನ್ನಿ. “ಪ್ಯೂರ್ ವೆಜ್ ಇದ್ರೆ ಇನ್ನೂ ಒಳ್ಳೇದು.” “ಅಡುಗೆಯವರು ನಮ್ಮವರೇ.”

ಸಸ್ಯಾಹಾರಿಯಾಗಿರುವುದು ತಪ್ಪೇ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ತಟ್ಟೆಯಲ್ಲಿ ಏನಿರಬೇಕು ಎಂಬುದು ಉಣ್ಣುವವರ ಇಷ್ಟ. ಸಸ್ಯಾಹಾರಿಗಳಿಗೆ ಬ್ರಿಟನ್ನಿನಲ್ಲಿ ಬ್ರೈಟನ್‌ನಷ್ಟು ಸುಲಭದ ಊರುಗಳು ಕಡಿಮೆ. ಇನ್‌ಫಿನಿಟಿ ಫುಡ್ಸ್ ಎಂಬ ಕಾಳುಕಡ್ಡಿಯ ಅಂಗಡಿ 1970ರ ದಶಕದಿಂದ ಇದೆ, ನಡೆಸುವವರು ಅಲ್ಲಿ ದುಡಿಯುವವರೇ, ಅದು ಕೆಲಸಗಾರರ ಸಹಕಾರ ಸಂಘ. ಫುಡ್ ಫಾರ್ ಫ್ರೆಂಡ್ಸ್ 1981ರಲ್ಲಿ, ಟೆರ್ ಆ ಟೆರ್ 1993ರಲ್ಲಿ ಶುರುವಾದ ಸಸ್ಯಾಹಾರಿ ರೆಸ್ಟೋರೆಂಟುಗಳು. ಈ ಊರಿನ ಸಸ್ಯಾಹಾರ ಹುಟ್ಟಿದ್ದು ಪ್ರಾಣಿಗಳ ಮೇಲಿನ ಕರುಣೆಯಿಂದ, ಭೂಮಿಯ ಬಗೆಗಿನ ಕಾಳಜಿಯಿಂದ, ಸಾಲದೆಂಬಂತೆ ಒಂದಿಷ್ಟು ಹಿಪ್ಪಿ ಹುಚ್ಚಿನಿಂದ. ಅಲ್ಲಿ ಅಡುಗೆಯವರ ಕುಲ ಕೇಳುವ ಮಾತೇ ಇಲ್ಲ. ಪಕ್ಕದ ಮೇಜಿನವರು ನಿನ್ನೆ ಏನು ತಿಂದಿದ್ದರೆಂಬ ವಿಚಾರಣೆಯೂ ಇಲ್ಲ.

ತಕರಾರಿರುವುದು ‘ವೆಜ್’ ಬಗ್ಗೆ ಅಲ್ಲ, ಅದರ ಹಿಂದಿರುವ ‘ಪ್ಯೂರ್’ ಬಗ್ಗೆ. ಆ ಪದಕ್ಕೆ ಬದನೆಕಾಯಿಯಲ್ಲಿ ಆಸಕ್ತಿಯಿಲ್ಲ. ಅದು ಕೇಳುವುದು ಯಾರು ಮಾಡಿದರು, ಯಾವ ಪಾತ್ರೆಯಲ್ಲಿ ಮಾಡಿದರು, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು. ಊರಿನಲ್ಲಿ ಪಂಕ್ತಿಭೇದದ ಬಗ್ಗೆ ಲೇಖನ ಬರೆದು, ಸಹಪಂಕ್ತಿಯ ಬಗ್ಗೆ ಭಾಷಣ ಮಾಡಿ ಬಂದ ನಾವು ವಿಮಾನ ಇಳಿದ ಮೇಲೆ ಒಂದು ಇಂಗ್ಲಿಷ್ ಪದದ ಮರೆಯಲ್ಲಿ ಮತ್ತೆ ಪಂಕ್ತಿ ಹಾಕುತ್ತೇವೆ. ಮಡಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಪ್ಯೂರ್ ಎನ್ನಲು ಏನೂ ಇಲ್ಲ.

ಇನ್ನು ಮೀನು ತಿನ್ನುವ ನಮ್ಮಂಥವರು ಏನು ಕಡಿಮೆ? ನಮ್ಮ ಬೇಲಿಯ ಹೆಸರು ‘ಸಪ್ಪೆ’. ಇಂಗ್ಲೆಂಡಿಗೆ ಬಂದವರ ಮಾತಿನಲ್ಲಿ, ಬರಹದಲ್ಲಿ ಈ ಅಧ್ಯಾಯ ತಪ್ಪುವುದಿಲ್ಲ: ಇವರಿಗೆ ಅಡುಗೆ ಬರದು, ಉಪ್ಪು ಹುಳಿ ಖಾರ ಗೊತ್ತಿಲ್ಲ, ಕೊನೆಗೆ ಇಂಡಿಯನ್ ಹೋಟೆಲ್ ಸಿಕ್ಕಿ ಜೀವ ಉಳಿಯಿತು. ಆ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲು ಬಾಂಗ್ಲಾದೇಶದ ಸಿಲೆಟ್ ಪ್ರಾಂತ್ಯದಿಂದ ಬಂದವರದು. ಹಡಗುಗಳಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿ ಬಂದರುಗಳಲ್ಲಿ ಇಳಿದುಕೊಂಡವರು ಹಾಕಿದ ದಾರಿ ಅದು. ಅವರ ಕೈಯ ಊಟ ಉಂಡು “ನಮ್ಮವರು” ಎನ್ನುವ ಬಾಯಿ, ಅವರ ದೇಶದ ಹೆಸರು ಬಂದಾಗ ಏನನ್ನುತ್ತದೆ ಎಂಬುದನ್ನು ಅದೇ ವಾಟ್ಸಾಪ್ ಗುಂಪಿನಲ್ಲಿ ನೋಡಿದ್ದೇನೆ.

ಬೇಲಿ ಹಾರಿದವನ ಉದಾಹರಣೆಯೂ ಇಲ್ಲಿದೆ. ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನೀ ಕಾಫಿ ಹೌಸ್’ ತೆರೆದ. ಭಾರತೀಯನೊಬ್ಬ ಬ್ರಿಟನ್ನಿನಲ್ಲಿ ನಡೆಸಿದ ಮೊದಲ ಹೋಟೆಲು ಎಂದು ಹೆಸರಾದದ್ದು. ಎರಡೇ ವರ್ಷಕ್ಕೆ ದಿವಾಳಿಯಾದ. ಆಮೇಲೆ ಬ್ರೈಟನ್‌ಗೆ ಬಂದು ಕಡಲ ದಂಡೆಯಲ್ಲಿ ಹಬೆಸ್ನಾನದ ಮನೆ ತೆರೆದು, ಗಿರಾಕಿಗಳಿಗೆ ಚಂಪಿ ಮಾಡಿ, ಇಬ್ಬರು ದೊರೆಗಳ ಮೈಗೆ ಕೈಯಿಟ್ಟು ಪ್ರಸಿದ್ಧನಾದ. ಇಂಗ್ಲಿಷರ ಶಾಂಪೂ ಬಂದದ್ದು ನಮ್ಮ ಚಂಪಿಯಿಂದಲೇ. 1851ರಲ್ಲಿ ತೀರಿಕೊಂಡ, ಸಮಾಧಿ ಇಲ್ಲಿನ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿದೆ. ಮೈ ಮುಟ್ಟುವುದೇ ಅವನ ಕಸುಬಾಗಿತ್ತು ಎಂಬುದನ್ನು ಮುಟ್ಟದೆ ಬದುಕುವುದನ್ನೇ ಸಂಸ್ಕೃತಿ ಎಂದುಕೊಂಡವರು ಒಮ್ಮೆ ನಿಂತು ಯೋಚಿಸಬೇಕು.

‘ಸಪ್ಪೆ’ ಎಂದು ನಾವು ತಳ್ಳಿಹಾಕುವ ಫಿಶ್ ಅಂಡ್ ಚಿಪ್ಸ್ ಕೂಡ ಪರದೇಶಿಯೇ. ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಮೀನನ್ನು ಇಂಗ್ಲೆಂಡಿಗೆ ತಂದವರು ಐಬೀರಿಯಾದಿಂದ ಓಡಿಸಲ್ಪಟ್ಟ ಯಹೂದಿಗಳು ಎನ್ನುತ್ತಾರೆ. ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. 1860ರ ಸುಮಾರಿಗೆ ಎರಡೂ ಒಂದೇ ಅಂಗಡಿಯಲ್ಲಿ ಜೊತೆಯಾದವು. ಆಮೇಲೆ ಇಟಲಿಯವರು, ಸೈಪ್ರಸ್‌ನವರು, ಚೀನೀಯರು ಬಾಣಲೆಯ ಮುಂದೆ ನಿಂತರು. ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಮಾಂಸ, ಸಕ್ಕರೆಗೆಲ್ಲ ರೇಷನ್ ಇದ್ದಾಗ ಸರ್ಕಾರ ಫಿಶ್ ಅಂಡ್ ಚಿಪ್ಸನ್ನು ರೇಷನ್ನಿಗೆ ಒಳಪಡಿಸಲಿಲ್ಲ. ಓಡಿಬಂದವರು ತಂದ ಅಡುಗೆ ಒಂದು ದೇಶದ ಮಾನ ಕಾಪಾಡಿತು. ‘ಅಸಲಿ ಬ್ರಿಟಿಷ್ ತಿನಿಸು’ ಎಂದು ಎದೆ ತಟ್ಟಿಕೊಂಡು ವಲಸಿಗರನ್ನು ಬೈಯುವ ಇಲ್ಲಿನವರಿಗೂ ಈ ಮಾತು ಸಲ್ಲುತ್ತದೆ.

ಬಡವರ ಊಟ ಎಂದು ನಾನಿದನ್ನು ಹಾಡಿ ಹೊಗಳುತ್ತಿಲ್ಲ. ಈಗ ಬಹಳ ಕಡೆ ಒಂದು ಪಾಲಿಗೆ ಹತ್ತು ಪೌಂಡ್ ದಾಟಿದೆ. ಕಾಡ್ ಮೀನು ಹೆಚ್ಚಾಗಿ ಬರುವುದು ನಾರ್ವೆ, ಐಸ್‌ಲ್ಯಾಂಡ್ ಕಡೆಯ ತಣ್ಣನೆಯ ಕಡಲಿನಿಂದ, ಎದುರಿಗಿರುವ ಈ ಕಡಲಿನಿಂದಲ್ಲ. ಆದರೂ ಇದಕ್ಕೊಂದು ಗುಣವಿದೆ. ಇದನ್ನು ತಿನ್ನಲು ಬಾಗಿಲಿಲ್ಲ, ಬುಕಿಂಗ್ ಇಲ್ಲ, ಪಂಕ್ತಿ ಇಲ್ಲ. ದಂಡೆಯ ಬೆಣಚುಕಲ್ಲುಗಳ ಮೇಲೆ ಯಾರು ಯಾರ ಪಕ್ಕವಾದರೂ ಕೂರಬಹುದು. ಅಲ್ಲಿ ಮೈಲಿಗೆ ಮಾಡುವುದು ಒಂದೇ ಜೀವ, ಕೈಯಿಂದಲೇ ಕಸಿದುಕೊಂಡು ಹೋಗುವ ಕಡಲಹಕ್ಕಿ. ಅದಕ್ಕೆ ನಿಮ್ಮ ಕುಲಗೋತ್ರ ಬೇಕಾಗಿಲ್ಲ. ಹೆರಿಂಗ್ ಗಲ್ ಎಂಬ ಈ ಕಳ್ಳ ಬ್ರಿಟನ್ನಿನ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿದೆ ಎಂಬುದು ಬೇರೆ ಮಾತು.

ಹಾಗಾದರೆ ಶನಿವಾರ ಬರುವವರು ಎಲ್ಲಿ ಉಣ್ಣಬೇಕು? ಹೇಳುತ್ತೇನೆ. ಮೀನು ತಿನ್ನುವವರು ದಂಡೆಯ ಕಮಾನುಗಳ ಸಾಲಿಗೆ ಹೋಗಿ. ಮೀನುಗಾರಿಕೆಯ ಪುಟ್ಟ ಮ್ಯೂಸಿಯಂ ಅಲ್ಲೇ ಇದೆ, ಮೊದಲು ಅದನ್ನು ನೋಡಿ, ಸ್ಟೀನ್‌ನಲ್ಲಿ ಬಲೆ ಒಣಗಿಸಿದವರ ಕತೆ ತಿಳಿದುಕೊಂಡು ಆಮೇಲೆ ಮೀನು ತಿನ್ನಿ. ಹೊಗೆಯಲ್ಲಿ ಬೇಯಿಸಿದ ಮ್ಯಾಕೆರಲ್ ಸಿಕ್ಕರೆ ಬಿಡಬೇಡಿ, ಅದು ನಮ್ಮ ಬಂಗುಡೆಯ ದಾಯಾದಿ. ಸಸ್ಯಾಹಾರಿಗಳು ಮೇಲೆ ಹೇಳಿದ ಕಡೆಗಳಿಗೆ ಹೋಗಿ. ಚಿಪ್ಸ್ ಕೊಳ್ಳುವುದಾದರೆ ಯಾವ ಎಣ್ಣೆಯಲ್ಲಿ ಕರಿದಿದ್ದಾರೆ ಎಂದು ಕೇಳಿ, ಉತ್ತರ ಇಂಗ್ಲೆಂಡಿನಲ್ಲಿ ದನದ ಕೊಬ್ಬು ಬಳಸುವ ಅಂಗಡಿಗಳು ಹೆಚ್ಚು, ಈ ಕಡೆ ಸಾಮಾನ್ಯವಾಗಿ ಸಸ್ಯದ ಎಣ್ಣೆ. ಅಷ್ಟು ಕೇಳುವುದು ನಿಮ್ಮ ಹಕ್ಕು. ಕರಿದವರು ಯಾರು ಎಂದು ಕೇಳುವುದು ಹಕ್ಕಲ್ಲ. ಕೈಯಲ್ಲಿ ದುಡ್ಡಿದ್ದು ಪಟ್ಟಿಯ ರೆಸ್ಟೋರೆಂಟಿಗೇ ಹೋಗುವಿರಾದರೆ, ಸರ್ವಿಸ್ ಚಾರ್ಜ್ ಸಿಂಕಿನವರೆಗೆ ತಲುಪುತ್ತದೆಯೇ ಎಂದು ಸಪ್ಲೈಯರನ್ನು ಮೆಲ್ಲಗೆ ಕೇಳಿ. ಅವರ ಮುಖ ನೋಡಿ ಕೇಳಿ.

ಉಳಿದದ್ದು ಚಿತ್ರಾನ್ನ. ಗುಂಪಿನ ಮೂರು ಉತ್ತರಗಳಲ್ಲಿ ನನಗೆ ಒಪ್ಪಿಗೆಯಾದದ್ದು ಅದೊಂದೇ. ಹೋದ ಜುಲೈಯಲ್ಲಿ ಒಂದು ಸಂಸಾರ ಹಾಗೇ ಬಂದಿತ್ತು, ನಾನೂ ಜೊತೆಗಿದ್ದೆ. ಅಕ್ಕ ಸ್ಟೀಲ್ ಡಬ್ಬಿ ತೆರೆದ ಕೂಡಲೇ ಒಗ್ಗರಣೆಯ ವಾಸನೆ ಗಾಳಿಗೆ ಹತ್ತಿತು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಏನದು ಎಂದು ಕೇಳಿದಳು. ಅಕ್ಕ ಸಂತೋಷದಿಂದ ಕಾಗದದ ತಟ್ಟೆಗೆ ಹಾಕಿ ಕೊಟ್ಟರು. ಮುದುಕಿ ತಿಂದು, ನೀರು ಕುಡಿದು, ಇನ್ನಷ್ಟು ತಿಂದು, ತನ್ನ ಚಿಪ್ಸ್ ಪೊಟ್ಟಣವನ್ನು ಇತ್ತ ಚಾಚಿದಳು. ಅಕ್ಕನ ಕೈ ಅರ್ಧಕ್ಕೆ ನಿಂತಿತು. ಮೀನಿನ ಪಕ್ಕದಲ್ಲಿದ್ದ ಚಿಪ್ಸ್ ಅದು. “ನೋ ಥ್ಯಾಂಕ್ಸ್, ಹೊಟ್ಟೆ ತುಂಬಿದೆ” ಎಂದರು. ಕೊಡುವುದು ನಮಗೆ ಚೆನ್ನಾಗಿ ಬರುತ್ತದೆ, ಕೊಡುವವರ ಕೈ ಯಾವಾಗಲೂ ಮೇಲಿರುತ್ತದೆ. ತೆಗೆದುಕೊಳ್ಳುವುದು ನಾವು ಇನ್ನೂ ಕಲಿಯದ ವಿದ್ಯೆ. ಮೀನಿನ ಪಕ್ಕದ್ದು ಬೇಡವೆನ್ನುವುದು ಅಕ್ಕನ ಇಷ್ಟ ಎಂದು ನೀವು ವಾದಿಸಬಹುದು, ನಾನು ಒಪ್ಪಿಯೂ ಒಪ್ಪಬಹುದು. ಆದರೆ ಆ ಸುಳ್ಳು ಯಾಕೆ ಬೇಕಾಯಿತು? “ನಾನು ಮೀನು ತಿನ್ನಲ್ಲ” ಎಂದು ನಕ್ಕು ಹೇಳಿದ್ದರೆ ಅದು ಆಯ್ಕೆ. ಹೇಳಲಾಗದೆ ಹಿಂದೆ ಸರಿದ ಕೈಯಲ್ಲಿ ಇದ್ದದ್ದು ಬೇರೇನೋ.

ಅಷ್ಟರಲ್ಲಿ ಅವರ ಎಂಟು ವರ್ಷದ ಮಗಳು ಪೊಟ್ಟಣಕ್ಕೆ ಕೈ ಹಾಕಿ ಎರಡು ಚಿಪ್ಸ್ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಾಗಿತ್ತು. ಅಕ್ಕ ನನ್ನ ಮುಖ ನೋಡಿದರು, ನಾನು ಕಡಲು ನೋಡಿದೆ. ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ನಮ್ಮವರಿಗಾಗಿ ಒಂಬತ್ತು ಅಡುಗೆಮನೆ ಕಟ್ಟಿದವರು ಬ್ರಿಟಿಷರು. ಇವತ್ತು ಯಾವ ಬಾಗಿಲಿಗೂ ಕಾವಲುಗಾರನಿಲ್ಲ. ಹತ್ತನೆಯದನ್ನು ನಾವೇ ಕಟ್ಟಿಕೊಂಡು ಒಳಗೆ ಕೂರುವುದು ಬೇಡ.